ಹನ್ನೊಂದು ಗಂಟೆ ನಲವತ್ತು ನಿಮಿಷ

ಮಾರ್ಚ್ 2, ಸೋಮವಾರ

ನಮ್ಮ ಅಟ್ಲಾಸಿನ ವಿಮಾನ ದೂರಗಳ ಕೋಷ್ಟಕದ ಮೂರನೇ ಪ್ರೂಫ್. ಹೊರಡುವ ನಗರ, ತಲುಪುವ ನಗರ, ದೂರ, ಹಾರಾಟದ ಅವಧಿ. ನಾಲ್ಕು ಕಾಲಂ. ಹೋದ ವರ್ಷ ಐದಿತ್ತು. ತಲುಪುವ ನಗರದ ಗಡಿಯಾರದ ಕಾಲಂ ಬರೀ ಗೊಂದಲ ಎಂದು ತೆಗೆಸಿದವನು ನಾನೇ.

ಪಕ್ಕದ ಮೇಜಿನ ಪ್ರೂಫ್ ರೀಡರ್ ಕೇಳಿದಳು: "ಕಿಲೋಮೀಟರ್ ಸ್ವಾಮಿಗಳೇ, ನೀವು ಎಷ್ಟು ಸಲ ವಿಮಾನ ಹತ್ತಿದ್ದೀರಿ?"

"ಒಂದು ಸಲವೂ ಇಲ್ಲ."

"ಸರಿಹೋಯ್ತು."

ಪುಟ 41ರಲ್ಲಿ ಅಕ್ಕನ ಊರು. 9,214 ಕಿ.ಮೀ. 11 ಗಂಟೆ 40 ನಿಮಿಷ. ಟಿಕ್ ಹಾಕಿದೆ. ಅವಳನ್ನು ನೋಡಿ ಒಂಬತ್ತು ವರ್ಷ.

ಮಾರ್ಚ್ 5, ಸಂಜೆ

ಅಕ್ಕನ ಫೋನ್. ಸ್ವರ ಒಡೆದಿದೆ. ಮುಂದಿನ ಗುರುವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ.

"ಆಮೇಲೆ ನಿನ್ನ ಬೈಯೋಕಾಗಲ್ಲ ಕಣೋ. ಬರೋದಾದ್ರೆ ಮುಂಚೆ ಬಾ."

"ಫೋನಲ್ಲೇ ಬೈದುಬಿಡು."

"ಎದುರಿಗೇ ಆಗ್ಬೇಕು. ದಾರದ ವಿಷಯ ನೀನಿನ್ನೂ ಒಪ್ಪಿಲ್ಲ."

ಅಪ್ಪನ ಗ್ಲೋಬ್. ಅಮ್ಮನ ಹೊಲಿಗೆ ಡಬ್ಬಿಯ ಕೆಂಪು ದಾರ. ಅಕ್ಕ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದರೆ ಅದು ಮೇಲೆ ಜಾರಿ, ಬಿಳಿ ಬಣ್ಣದ ಹಿಮದ ಮೇಲೆ ನಿಲ್ಲುತ್ತಿತ್ತು. ಇದೇ ಹತ್ತಿರದ ದಾರಿ ಎನ್ನುತ್ತಿದ್ದಳು. ನಾನು ಗೋಡೆಯ ನಕ್ಷೆಗೆ ಸ್ಕೇಲ್ ಹಿಡಿದು, ಸಮುದ್ರದ ಮೇಲೆ ನೇರ ಗೆರೆ ಎಳೆಯುತ್ತಿದ್ದೆ. "ಗೂಬೆ, ಭೂಮಿ ದುಂಡಗಿದೆ." ಅವಳಿಗೆ ಹನ್ನೆರಡು, ನನಗೆ ಒಂಬತ್ತು. ಆಮೇಲೆ ಇದೇ ಲೆಕ್ಕದಿಂದ ಹೊಟ್ಟೆ ಹೊರೆದೆ. ಆದರೂ ಒಪ್ಪಲಿಲ್ಲ…

ಮಾರ್ಚ್ 10

ನಾಳೆ ಬೆಳಿಗ್ಗೆ ಹತ್ತಕ್ಕೆ ವಿಮಾನ. ಅವಳಿಗೆ ಹೇಳಿಲ್ಲ — ಬಾಗಿಲು ತಟ್ಟಿ ನಿಲ್ಲಬೇಕು. ಟಿಕೆಟ್ಟನ್ನು ಸರಿಯಾಗಿ ಓದಲೂ ಇಲ್ಲ. ನನ್ನ ಕೋಷ್ಟಕ ಸಾಕು. ಹತ್ತಕ್ಕೆ ಹನ್ನೊಂದು ನಲವತ್ತು ಕೂಡಿಸಿದರೆ ಬುಧವಾರ ರಾತ್ರಿ ಒಂಬತ್ತು ನಲವತ್ತು. ಮಾತಿಗೆ ಇಡೀ ರಾತ್ರಿ ಸಿಗುತ್ತದೆ.

ಗ್ಲೋಬಿನ ಬುಡದಲ್ಲಿ ದಾರ ಸಿಕ್ಕಿತು. ಬಣ್ಣ ಹೋಗಿದೆ.

ಮಾರ್ಚ್ 11, ವಿಮಾನದಲ್ಲಿ

ಐದನೇ ಗಂಟೆ. ಕೆಳಗೆಲ್ಲ ಬಿಳಿ. ಅಕ್ಕನ ಬಿಳಿ. ಇವತ್ತು ಒಪ್ಪಿಕೊಳ್ಳುತ್ತೇನೆ.

ಸ್ವಲ್ಪ ಹೊತ್ತಿನ ನಂತರ

ಎದುರಿನ ಪರದೆ ನೋಡಿದೆ. ತಲುಪುವುದು: ಗುರುವಾರ, ಮಧ್ಯಾಹ್ನ 12:40. ದಿನ ಬದಲಾಗುವ ರೇಖೆಯ ಆಚೆ, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿನೈದು ಗಂಟೆ ಮುಂದೆ.

ಐದನೇ ಕಾಲಂ.

ಪಕ್ಕದ ಸೀಟಿನಾಕೆ, "ಹುಷಾರಿದ್ದೀರಾ?" ಎಂದಳು. ತಲೆಯಾಡಿಸಿದೆ. ಅಲ್ಲಿ ಆಪರೇಷನ್ನಿನ ಎಂಟು ಗಂಟೆ ಆಗುವಾಗ ನಾನಿನ್ನೂ ಗಾಳಿಯಲ್ಲಿರುತ್ತೇನೆ.

ಮಾರ್ಚ್ 14, ಆಸ್ಪತ್ರೆ

ಇವತ್ತು ಒಳಗೆ ಬಿಟ್ಟರು. ಕುತ್ತಿಗೆಗೆ ಬ್ಯಾಂಡೇಜು, ಮಡಿಲಲ್ಲಿ ಸ್ಲೇಟು.

"ಬಿಳಿಯ ಮೇಲೇ ಬಂದೆ ಅಕ್ಕ. ನೀನು ಹೇಳಿದ್ದೇ ಸರಿ."

ಬರೆದಳು: ಎಷ್ಟು ಹೊತ್ತಾಯ್ತು?

"ಹನ್ನೊಂದು ಗಂಟೆ ನಲವತ್ತು ನಿಮಿಷ."

ಅಂಗೈಯಿಂದ ಒರೆಸಿ ಮತ್ತೆ ಬರೆದಳು: ಒಂಬತ್ತು ವರ್ಷ, ಗೂಬೆ.

ಅವಳ ಭುಜ ಅಲುಗಿತು. ನಗುವೇ ಇರಬೇಕು, ಸದ್ದಿಲ್ಲ. ಜೇಬಿನಿಂದ ದಾರ ತೆಗೆದೆ. ಒಂದು ತುದಿ ಬೆರಳಿಗೆ ಸುತ್ತಿಕೊಂಡಳು. ಇನ್ನೊಂದು ತುದಿ ಹಿಡಿದು ನಾನು ಅವಳ ಪಕ್ಕದಲ್ಲೇ ಕೂತೆ.