ಒರೆಸುವ ಬಟ್ಟೆಯ ಮೇಲಿನ ಗಂಟೆಹೂ ಬೀಜ

ಸುರಂಗದೂರು, ಹದಿಮೂರನೇ ಓಣಿ. ಊರು ನೆಲದ ಕೆಳಗಿಳಿದ ಅರವತ್ತೆರಡನೇ ವರ್ಷ, ಮಹಾಲಯಕ್ಕೆ ಒಂದು ದಿನ ಬಾಕಿ. ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಇಸವಿ ಎರಡು ಸಾವಿರದ ನೂರ ಎಪ್ಪತ್ತೊಂಬತ್ತು ಅಂದುಕೊಳ್ಳಿ.

...ಹಾಗಾಗಿ ನಾಗವೇಣಮ್ಮಜ್ಜಿ, ಅದು ಧೂಳಲ್ಲ, ಬೀಜ ಅಂತ ನನಗೆ ಹೊಳೆದದ್ದು ಮೇಜನ್ನೆಲ್ಲ ಒರೆಸಿ, ಬಟ್ಟೆ ಮಡಚಿಟ್ಟು, ಕೈ ತೊಳೆದುಕೊಂಡ ಮೇಲೆ. ನಿನ್ನೆ ಇಲ್ಲಿಗೇ ನಿಲ್ಲಿಸಿದ್ದೆ. ನಾಳೆ ಒರೆಸುವ ಬಟ್ಟೆಗಳ ತಪಾಸಣೆ, ಇವತ್ತೇ ಬರೆದು ಮುಗಿಸಬೇಕು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಎಕ್ಸ್‌ಕ್ಯೂಸ್ ಮಿ. ಅಥವಾ ಪಾರ್ಡನ್ ಮಿ. ಎರಡರಲ್ಲಿ ಯಾವುದು ಕಾಗದಕ್ಕೆ, ಯಾವುದು ಬಾಯಿಮಾತಿಗೆ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಮರೆತಿದ್ದೇನೆ. ನಿಮ್ಮ ಕಾಲದವರಿಗೆ ನಡುವೆ ಇಂಗ್ಲಿಷ್ ಇದ್ದರೆ ಸಲೀಸು ಅಂತ ಕೇಳಿದ್ದೇನೆ, ನೆನಪಿದ್ದಷ್ಟು ಸೇರಿಸುತ್ತೇನೆ. ನಾನು ನಿಮ್ಮ ಮರಿಮಗಳ ಮಗ, ಪಿಳ್ಳಪ್ಪ. ನನಗೆ ಎಪ್ಪತ್ತೊಂದು. ಈ ಕಾಗದ ತಲುಪುವ ಹೊತ್ತಿಗೆ ನಿಮಗೆ ಹೆಚ್ಚೆಂದರೆ ಮೂವತ್ತು. ನನ್ನ ಮಗಳ ವಯಸ್ಸಿನವರನ್ನು ಅಜ್ಜಿ ಅನ್ನುವುದು ಮುಜುಗರವೇ, ಆದರೂ ಬೇರೆ ಹೇಗೆ ಕರೆಯಲಿ?

ಇಲ್ಲಿ ಎಡೆ ಇಟ್ಟರೆ ಮುಟ್ಟುವುದಕ್ಕೆ ಕಾಗೆಯಿಲ್ಲ. ಅದಕ್ಕೇ ಮಹಾಲಯಕ್ಕೆ ಹಿರಿಯರಿಗೊಂದು ಕಾಗದ ಬರೆದು, ತಳ ಕಾಣದ ಹಳೆಯ ಗಣಿಗುಂಡಿಗೆ ಇಳಿಬಿಡುತ್ತೇವೆ. ಅದು ಕಾಲದಲ್ಲಿ ಹಿಂದಕ್ಕೆ ಹೋಗಿ ಹಿರಿಯರ ಪ್ರಾಯದ ದಿನಗಳಿಗೆ ಮುಟ್ಟುತ್ತದೆ ಅಂತ ನಂಬಿಕೆ, ಅದಕ್ಕೇ ಹಿಂದೋಲೆ ಅನ್ನುತ್ತೇವೆ. ಮೇಲೆ ಬಿಸಿಲು ತಡೆಯಲಾರದಷ್ಟು ಆದಾಗ ನಮ್ಮವರು ಈ ಚಿನ್ನದ ಗಣಿಯ ಸುರಂಗಗಳಿಗೆ ಇಳಿದರು. ನನಗಾಗ ಒಂಬತ್ತು. ಅಮ್ಮನ ಒಂದು ಕೈಯಲ್ಲಿ ನಾನು, ಇನ್ನೊಂದು ಕೈಯಲ್ಲಿ ನಿಮ್ಮ ಗಿಡದ ಕುಂಡ. ನೀವು ಕಿಟಕಿಯಲ್ಲಿ ಬೆಳೆಸುತ್ತೀರಲ್ಲ, ಗ್ಲಾಕ್ಸಿನಿಯಾ, ಅದನ್ನು ನಾವು ಗಂಟೆಹೂ ಅನ್ನುತ್ತೇವೆ. ಹಣ್ಣಾದ ಹುಣಸೆಯ ಬಣ್ಣ, ಅಂಚಿಗೆ ಬಿಳಿ. ಇಷ್ಟು ಕಡಿಮೆ ಬೆಳಕಿನಲ್ಲಿ ಗುಲಾಬಿ, ಮಲ್ಲಿಗೆ ಬದುಕಲಿಲ್ಲ. ಬದುಕಿದ್ದು ಈ ಜಾತಿಯವು, ಮೃದು ಎಲೆಯ, ನೆರಳು ಸಹಿಸುವ ಮನೆಗಿಡಗಳು. ಮೇಲಿನಿಂದ ಸಾಲು ಕನ್ನಡಿಗಳಲ್ಲಿ ಬಿಸಿಲನ್ನು ಬಗ್ಗಿಸಿ ಓಣಿ ಓಣಿಗೆ ಇಳಿಸುತ್ತಾರೆ. ಕನ್ನಡಿಬಿಸಿಲು ಅಂತ ಅದರ ಹೆಸರು. ಮನೆಗೆ ದಿನಕ್ಕೆ ಆರು ತಾಸು.

ಇನ್ನು ಧೂಳು. ಅಜ್ಜಿ, ನಿಮ್ಮ ಕಾಲದಲ್ಲಿ ಧೂಳು ಅಂದರೆ ಗೃಹಿಣಿಯರ ಕಿರಿಕಿರಿ ಅಷ್ಟೇ ಇರಬೇಕು. ಇಲ್ಲಿ ಕಲ್ಲಿನ ಧೂಳು ಎದೆಗೆ ಕೂತು ನನ್ನ ಅಪ್ಪನನ್ನೂ ಸೇರಿಸಿ ಅರ್ಧ ಓಣಿಯನ್ನು ಒಯ್ದಿದೆ. ಮಕ್ಕಳಿಗೆ ಅಕ್ಷರಕ್ಕೆ ಮೊದಲು ಒರೆಸುವುದನ್ನು ಕಲಿಸುತ್ತೇವೆ. ಪುಡಿಯಂಥದ್ದು ಏನೇ ಕಂಡರೂ ಕೈ ತಾನಾಗಿ ಒದ್ದೆ ಬಟ್ಟೆಗೆ ಹೋಗುತ್ತದೆ. ಆಡಳಿತದವರು ಮನೆಗೆ ನಾಲ್ಕು ಬಟ್ಟೆ ಕೊಡುತ್ತಾರೆ. ಧೂಳು ಮತ್ತೆ ಹರಡದ ಹಾಗೆ ಅಮಾವಾಸ್ಯೆಗೆ ನಾಲ್ಕನ್ನೂ ಎಣಿಸಿ ಒಯ್ದು ಸುಡುತ್ತಾರೆ. ಒಂದು ಕಡಿಮೆಯಾದರೆ ತಿಂಗಳಿಡೀ ಆ ಮನೆಯ ಕನ್ನಡಿಗೆ ದಿನಕ್ಕೆ ಎರಡು ತಾಸು ಮುಚ್ಚಳ. ಎಣಿಸಲು ಬರುವವಳನ್ನು ಓಣಿಯವರು ಧೂಳಮ್ಮ ಅನ್ನುತ್ತಾರೆ. ಮುಖದೆದುರು ಮೇಡಂ.

ನನ್ನ ಹೆಂಡತಿ ಸೊಣ್ಣಮ್ಮ ತೀರಿಕೊಂಡು ಮೂರು ತಿಂಗಳಾಯಿತು. ಹೋಗುವ ವಾರ ಕೂಡ ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಮುಟ್ಟಿಸಿದ್ದಳು. ಬಿತ್ತುವ ಕೆಲಸಕ್ಕೆ ನನ್ನನ್ನು ಎಂದೂ ಹತ್ತಿರ ಸೇರಿಸಿದವಳಲ್ಲ. "ನೀನು ಉಸಿರು ಬಿಟ್ಟರೂ ಹಾರಿಹೋಗ್ತದೆ, ಆಚೆ ಕೂತ್ಕೋ," ಅನ್ನುತ್ತಿದ್ದಳು. ನಾನು ಆಚೆ ಕೂತೆ, ನಲವತ್ತನಾಲ್ಕು ವರ್ಷ. ಅವಳು ಹೋದ ಮೇಲೆ ಗಿಡಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಹಾಕಿದೆ. ಬಾಯಾರಿರಬಹುದು ಅಂತ ಮಧ್ಯಾಹ್ನವೂ ಹಾಕಿದೆ. ಗೆಡ್ಡೆ ಕೊಳೆಯಿತು. ಉಳಿದದ್ದು ಆ ಒಂದು ಕಾಯಿ. ಕತ್ತರಿಸಿ, ಒಣಗಲಿ ಅಂತ ಮೇಜಿನ ಮೇಲೆ ಕಾಗದದಲ್ಲಿಟ್ಟೆ. ಒಂದು ದಿನ ನೋಡಿದರೆ ಬಾಯಿ ಬಿಟ್ಟಿದೆ, ಒಳಗೆ ಏನೂ ಇಲ್ಲ. ಸಾಸಿವೆಯಷ್ಟಾದರೂ ಇರಬೇಡವೇ ಬೀಜ? ಸುತ್ತ ಒಂದಿಷ್ಟು ಕಂದು ಪುಡಿ. ದೇರ್‌ಫೋರ್ ಕಾಯಿ ಹಾಳಾಗಿದೆ ಅಂದುಕೊಂಡು ಒರೆಸಿಬಿಟ್ಟೆ.

ಉಸಿರಿಗೇ ಹಾರಿಹೋಗುವ ಬೀಜ ಅಂದರೆ ಇದೇ ಅಂತ ಹೊಳೆದ ಕೂಡಲೇ ಬಟ್ಟೆಯನ್ನು ಊಟದ ಡಬ್ಬಿಯಲ್ಲಿ ಹಾಸಿದೆ, ಮೇಲೊಂದು ಗಾಜು ಮುಚ್ಚಿದೆ. ಮಣ್ಣು ಹಾಕಲು ಹೋಗಿ ಕೈ ಹಿಂದೆಗೆದೆ. ಈ ಬೀಜಕ್ಕೆ ಬೆಳಕು ಬೇಕು, ಮೇಲೆ ಮಣ್ಣು ಹಾಕಕೂಡದು ಅಂತ ಅವಳು ಬಿತ್ತುವಾಗ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದದ್ದು ಕಿವಿಯಲ್ಲಿತ್ತು. ಎದುರುಮನೆಯ ಮುನಿತಾಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಏನಣ್ಣ, ಒರೆಸೋ ಬಟ್ಟೆಗೆ ಬಿಸಿಲು ಕಾಯಿಸ್ತಿದ್ದೀಯ? ನಾಳೆ ಪೊರಕೆಗೂ ನೀರು ಹಾಕ್ತೀಯೇನೋ!" ಹನ್ನೆರಡನೇ ದಿನ ಬಟ್ಟೆಯ ಮೇಲೆ ಹಸಿರು ಚುಕ್ಕಿ ಕಂಡವು. ಪಾಚಿಯೋ ಮೊಳಕೆಯೋ ತಿಳಿಯಲಿಲ್ಲ. ಆರು ದಿನದಿಂದ ನಿದ್ದೆ ಸರಿಯಿಲ್ಲ. ಗಾಜು ತೆಗೆದರೆ ಒಣಗುತ್ತದೆ ಅಂತ ಭಯ, ತೆಗೆಯದಿದ್ದರೆ ಕೊಳೆಯುತ್ತದೆ ಅಂತ ಭಯ. ನೀರಿನ ಲೋಟ ಕೈಗೆತ್ತಿಕೊಳ್ಳುತ್ತೇನೆ, ಗೆಡ್ಡೆಯ ನೆನಪಾಗುತ್ತದೆ, ನಾನೇ ಕುಡಿದುಬಿಡುತ್ತೇನೆ.

ಇವತ್ತು ಮಧ್ಯಾಹ್ನ ಮುನಿತಾಯಮ್ಮ ತನ್ನ ಭೂತಗನ್ನಡಿ ತಂದಳು. ಕೇಳಿರಲಿಲ್ಲ, ತಾನಾಗಿ ತಂದಳು. ಬಹಳ ಹೊತ್ತು ಬಗ್ಗಿ ನೋಡಿ, "ಪಾಚಿಗೆ ಎರಡೆರಡು ಎಲೆ ಇರ್ತದೇನಣ್ಣ?" ಅಂದಳು. ನಾನೂ ನೋಡಿದೆ. ಜೋಡಿ ಜೋಡಿ ಎಲೆ, ಸೂಜಿಮೊನೆಯಷ್ಟು. ಎಣಿಸಿದೆವು. ನನಗೆ ಇಪ್ಪತ್ತಾರು, ಅವಳಿಗೆ ಮೂವತ್ತೊಂದು.

ಆಮೇಲೆ ಕೂತು ಯೋಚಿಸಿದೆ. ಸಸಿಗಳು ನೂಲಿಗೇ ಬೇರೂರಿವೆ, ಬಿಡಿಸಲಾಗದು; ಬಟ್ಟೆ ಕೊಟ್ಟರೆ ಸುಡುತ್ತಾರೆ. ಕೊಡದಿದ್ದರೆ ನನ್ನ ಕನ್ನಡಿಗೆ ಮುಚ್ಚಳ ಬೀಳುತ್ತದೆ. ನಾಲ್ಕು ತಾಸಿನ ಬೆಳಕಿಗೆ ಇಷ್ಟು ಎಳೆಯವು ನೀಳವಾಗಿ, ಬಿಳಿಚಿಕೊಂಡು ಸಾಯುತ್ತವೆ. ಸುಳ್ಳು ಹೇಳುವುದಕ್ಕೆ ನನಗೆ ಬರುವುದಿಲ್ಲ, ಧೂಳಮ್ಮನಿಗೆ ನನ್ನ ಮುಖ ಓದಲು ಬರುತ್ತದೆ. ಕೊನೆಗೆ ಕತ್ತರಿ ತೆಗೆದುಕೊಂಡು ಬಟ್ಟೆಯನ್ನು ನಡುವೆ ಕತ್ತರಿಸಿದೆ. ಕತ್ತರಿಯ ದಾರಿಯಲ್ಲಿದ್ದ ಮೂರು ಸಸಿ ಹೋದವು, ನನಗೆ ಗೊತ್ತು. ಒಂದು ಪಾಲನ್ನು ಮುನಿತಾಯಮ್ಮನ ಡಬ್ಬಿಯಲ್ಲಿಟ್ಟೆ. ಅವಳ ಮನೆಯ ಲೆಕ್ಕದಲ್ಲಿ ನಾಲ್ಕು ಬಟ್ಟೆ ಸರಿಯಾಗಿವೆ, ಅವಳ ಆರು ತಾಸಿಗೆ ಯಾರೂ ಕೈ ಹಾಕುವುದಿಲ್ಲ. ಎರಡನ್ನೂ ಅವಳಿಗೇ ಕೊಡಬೇಕಿತ್ತು, ಬುದ್ಧಿ ಹಾಗೇ ಹೇಳಿತು. ಕೈ ಬರಲಿಲ್ಲ. ಅವಳು ಡಬ್ಬಿಯನ್ನು ಸೆರಗಿನಡಿ ಹಿಡಿದು, ನಗದೆ ಹೋದಳು. ಮುನಿತಾಯಮ್ಮ ನಗದೆ ಹೋದದ್ದನ್ನು ನಾನು ಕಂಡಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. ನಾಳೆ ಧೂಳಮ್ಮ ಬಂದಾಗ ಮೂರು ಬಟ್ಟೆ ಕೊಟ್ಟು, ನಾಲ್ಕನೆಯದನ್ನು ಕೊಡುವುದಿಲ್ಲ ಅನ್ನುತ್ತೇನೆ. ಹೀಗೆ ಹೇಳುವ ಅಭ್ಯಾಸ ಆಗಿನಿಂದ ನಡೆದಿದೆ. ಪ್ರತಿ ಸಲವೂ ಕೊನೆಗೊಂದು ಮೇಡಂ ಸೇರಿಕೊಂಡುಬಿಡುತ್ತದೆ.

ನಿಮ್ಮಲ್ಲಿ ಕೇಳಬೇಕಾದ್ದು ಇಷ್ಟು, ಅಜ್ಜಿ. ಸೊಣ್ಣಮ್ಮ ಈ ಬೀಜವನ್ನು ಯಾರಿಗೂ ಕೊಡಲಿಲ್ಲ. ಜಿಪುಣಿಯಲ್ಲ, ಹೂವಿನ ಮೇಲೆ ಅಭಿಮಾನ. ನಮ್ಮ ಮನೆಯದು ನಮ್ಮಲ್ಲೇ ಇರಲಿ ಅನ್ನುತ್ತಿದ್ದಳು. ಅಮ್ಮನೂ ಹಾಗೇ ಅಂದಿದ್ದಳು, ಅವಳ ಅಮ್ಮನೂ. ಈ ಮಾತು ನಿಮ್ಮಿಂದಲೇ ಶುರುವಾಯಿತೋ ಏನೋ, ನನಗೆ ಗೊತ್ತಿಲ್ಲ. ಶುರುವಾಗಿದ್ದರೆ ದಯವಿಟ್ಟು ಶುರು ಮಾಡಬೇಡಿ. ಕಾಯಿ ಬಿರಿಯುವ ಮೊದಲೇ ಕಾಗದದ ಪೊಟ್ಟಣದಲ್ಲಿಡಿ, ಮೇಲೆ ಹೆಸರು ಬರೆಯಿರಿ, ಇದು ಬೀಜ ಅಂತ ದೊಡ್ಡದಾಗಿ ಬರೆಯಿರಿ. ಅರ್ಧವನ್ನು ಪಕ್ಕದ ಮನೆಗೆ ಕೊಡಿ. ಅವರು ಹೇಗಿದ್ದರೂ ಕೊಡಿ, ನಿಮ್ಮನ್ನು ನೋಡಿ ನಗುವವರಾದರೂ ಕೊಡಿ. ಒಂದೇ ಮೇಜಿನ ಮೇಲೆ ಒಂದೇ ಮುದುಕನ ಕೈಗೆ ಎಲ್ಲವೂ ಬರುವ ಹಾಗೆ ಮಾಡಬೇಡಿ. ಇನ್ನೊಂದು ಮಾತು, ಇವು ಹೂ ಬಿಡಲು ಆರು ತಿಂಗಳು ಬೇಕಂತೆ, ನನಗೆ ಕಾಯುವುದು ಹೇಗೆ ಅಂತ...

ಅಕ್ಷರ ಕಾಣುತ್ತಿಲ್ಲ. ತಲೆಯೆತ್ತಿದರೆ ಕನ್ನಡಿಬಿಸಿಲು ಮೇಜು ಬಿಟ್ಟು ಗೋಡೆ ಹತ್ತಿದೆ. ಬರೆಯುತ್ತಾ ನೋಡಲೇ ಇಲ್ಲ. ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟರೆ ಇನ್ನು ಹತ್ತು ನಿಮಿಷ ಸಿಗುತ್ತದೆ. ಏಳುತ್ತೇನೆ.