ಲವಿಟಾಬಾಯಿ ಜಾರಿ ಬಿದ್ದದ್ದಲ್ಲ

ಅಬ್ಬಾಸಿಯಾ, ಕುವೈತ್
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಶರ್ಲಿನ್,

ಕ್ಷೇಮವಾಗಿದ್ದೀಯಾ ಎಂದು ಕೇಳಲು ನನಗೆ ಮುಖವಿಲ್ಲ. ಹದಿನೆಂಟು ದಿನಗಳಿಂದ ನಿನ್ನ ಕರೆ ಬಂದಾಗಲೆಲ್ಲ ಕತ್ತರಿಸುತ್ತಿದ್ದೇನೆ, ಅದಕ್ಕೆ ಮೊದಲು ಕ್ಷಮಿಸು. ಫೋನಿನಲ್ಲಿ ಬರೆಯುವ ಹಾಗಿಲ್ಲ ಮಾರಾಯ್ತಿ. ಶುಕ್ರವಾರ ಬೆಳಿಗ್ಗೆ ಪ್ರಾರ್ಥನಾ ಕೂಟಕ್ಕೆ ಹೋದ ಕೂಡಲೇ ಎಲ್ಲರ ಫೋನೂ ಬುಟ್ಟಿಗೆ ಬೀಳುತ್ತದೆ, ಕೂಟ ನಡೆಸುವ ಆಲಿವ್ ಒಂದೊಂದನ್ನೇ ತೆಗೆದು ಮೆಸೇಜು ಓದುತ್ತಾಳೆ. ಹಾಗಾಗಿ ಶಾಲೆ ಬಿಟ್ಟ ಮೇಲೆ ಇದೇ ಮೊದಲ ಕಾಗದ. ಮೇಲಿನ ಮಹಡಿಯ ರಶೀನಾ ನಾಳೆ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಗುರುವಾರ ನಿನ್ನ ಅಕ್ಕ ಲವಿಟಾಬಾಯಿ ವೀಲ್‌ಚೇರಿನಲ್ಲಿ ಮಂಗಳೂರಿಗೆ ಬಂದಿಳಿಯುವ ಮೊದಲು ನೀನಿದನ್ನು ಓದಬೇಕು.

ಅವಳು ಬಾತ್‌ರೂಮಿನಲ್ಲಿ ಬಿದ್ದಳೆಂದು ಅಂದು ನಾನು ಮೆಸೇಜಿನಲ್ಲಿ ಹೇಳಿದ್ದು ಸುಳ್ಳು. ಕೂಟದ ಹನ್ನೊಂದು ಜನ ಹಾಗೆಂದು ಬರೆದುಕೊಟ್ಟು ಸಹಿ ಹಾಕಿದೆವು. ಲವಿಟಾಬಾಯಿ ಬೀಳಲಿಲ್ಲ ಶರ್ಲಿನ್, ಅವಳನ್ನು ಹೊಡೆದರು.

ಮೊದಲಿಂದ ಹೇಳುತ್ತೇನೆ. ನಮ್ಮ ಶೇನ್‌ಗೆ ನಾಲ್ಕು ಹಲ್ಲು ಬಂದಿವೆ, ಗೋಡೆ ಹಿಡಿದು ನಿಲ್ಲುತ್ತಾನೆ. ಅಕ್ಟೋಬರಿನಲ್ಲಿ ಮಾತ್ರ ಮೂರು ದಿನ ಹಾಲು ಮುಟ್ಟದೆ ಒಂದೇ ಸಮನೆ ಅತ್ತ. ಡಾಕ್ಟರು ಏನೂ ಇಲ್ಲವೆಂದರು. ಲವಿಟಾಬಾಯಿ ಮೈದಾನ್ ಹವಲ್ಲಿಯ ಕ್ಲಿನಿಕ್ಕಿನಿಂದ ಡ್ಯೂಟಿ ಮುಗಿಸಿ ಬಂದವಳು ಮಗುವನ್ನು ನೋಡಿ, "ಎಂತ ಪ್ರೀಮಾ, ಇದಕ್ಕೆ ಕಣ್ಣು ಬಿದ್ದದ್ದು. ಒಂದು ಮುಷ್ಟಿ ಉಪ್ಪು, ಏಳು ಮೆಣಸು ತಾ" ಎಂದಳು. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ಹಾಗೆಯೇ ಮಗುವಿಗೆ ಮೂರು ಸುತ್ತು ನಿವಾಳಿಸಿದಳು. ನಂಬಿದರೆ ನಂಬು, ಬಿಟ್ಟರೆ ಬಿಡು, ಅವನು ಅಂದು ಹಾಲು ಕುಡಿದು ಮಲಗಿದ.

ಆ ಉಪ್ಪು ಮೆಣಸನ್ನು ಒಲೆಗೆ ಹಾಕಬೇಕಿತ್ತು. ಮೆಣಸಿನ ಘಾಟು ಕಟ್ಟಡಕ್ಕೆಲ್ಲ ಹಬ್ಬಿದರೆ ಚಾರ್ಲ್ಸಣ್ಣನ ಮೂಗಿಗೂ ಹೋಗುತ್ತದೆಂದು ಹೆದರಿ, ಮೂರು ದಾರಿ ಸೇರುವಲ್ಲಿ ಎಸೆದರೂ ಆಗುತ್ತದೆಂದುಕೊಂಡು, ಪೇಪರಿನಲ್ಲಿ ಕಟ್ಟಿ ಕಸದ ಡಬ್ಬಿಯ ಪಕ್ಕದ ತಿರುವಿನಲ್ಲಿ ಇಟ್ಟುಬಂದೆ. ನನ್ನ ಪೆದ್ದುತನವೇ!

ಚಾರ್ಲ್ಸಣ್ಣನ ಬಗ್ಗೆ ನಿನಗೆ ಪೂರ್ತಿ ಗೊತ್ತಿಲ್ಲ. ಆಲಿವಳ ಗಂಡ, ನನ್ನ ಗಂಡ ಡೋಲ್ಫಿ ಕೆಲಸ ಮಾಡುವ ಕಂಪನಿಯಲ್ಲಿ ಸೂಪರ್‌ವೈಸರ್. ವೀಸಾ ಕೊಡುವ ಕಫೀಲನ ಹತ್ತಿರ ಮಾತಾಡಿ ನನ್ನನ್ನೂ ಮಗುವನ್ನೂ ಇಲ್ಲಿಗೆ ಕರೆಸಿದವನು ಅವನೇ. ಅವನ ಫ್ಲ್ಯಾಟಿನಲ್ಲೇ ಈ 'ಶುದ್ಧ ಕುಟುಂಬ' ಕೂಟ. ಚರ್ಚಿಗೂ ಇದಕ್ಕೂ ಸಂಬಂಧವಿಲ್ಲ, ಇಂಥದ್ದು ಬೇಡವೆಂದು ಪಾದ್ರಿಗಳು ಹೇಳಿಯೇ ಇದ್ದರು. ಟಿವಿ ಇಲ್ಲ, ಬಳೆ ಇಲ್ಲ, ಮಗುವಿನ ಬರ್ತ್‌ಡೇಗೆ ಕೇಕೂ ಇಲ್ಲ. ಜಾಸ್ತಿ ನಕ್ಕರೆ ಎಲ್ಲರೆದುರು ಮೊಣಕಾಲೂರಿ ಪಾಪ ಒಪ್ಪಿಕೊಳ್ಳಬೇಕು. ಕೂಟ ಬಿಟ್ಟುಹೋದ ಎರಡು ಕುಟುಂಬಗಳ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಆ ವರ್ಷ ನವೀಕರಣವಾಗಲೇ ಇಲ್ಲ. ಅದೇ ಕಾರಣವೋ ಅಲ್ಲವೋ ದೇವರೇ ಬಲ್ಲ, ನಾವಂತೂ ಹಾಗೇ ನಂಬಿ ನಡುಗುತ್ತಿದ್ದೆವು.

ಅಕ್ಟೋಬರ್ ೨೫ರ ಶುಕ್ರವಾರ ಆಲಿವ್ ಆ ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿದಳು. "ನಮ್ಮ ಬಿಲ್ಡಿಂಗಿನಲ್ಲೇ ಮಾಟ ಮಾಡುವವರು ಉಂಟು. ಯಾರು ಹೇಳಿ" ಎಂದಳು. ಅವಳು ನನ್ನತ್ತ ನೋಡಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಎದ್ದು ನಿಂತೆ. "ಲವಿಟಾಬಾಯಿ. ಅವಳಿಗೆ ಇದೆಲ್ಲ ಗೊತ್ತುಂಟು" ಎಂದೆ. ಯಾರ ಮಗುವಿಗೆ ಎಂದು ಹೇಳಲಿಲ್ಲ.

ಇಬ್ಬರು ಹೋಗಿ ಅವಳನ್ನು ರೂಮಿನಿಂದ ಕರೆತಂದರು. ರಾತ್ರಿಪಾಳಿ ಮುಗಿಸಿ ಮಲಗಿದ್ದವಳು, ನೈಟಿಯಲ್ಲೇ ಬಂದಳು. ಒಳಗೆ ಬಂದು, "ಎಂತ, ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದಳು. ಚಾರ್ಲ್ಸಣ್ಣ ಬಾಗಿಲಿಗೆ ಚಿಲಕ ಹಾಕಿದ.

"ನಾವು ನಿನಗೆ ಹೊಡೆಯುವುದಲ್ಲ, ನಿನ್ನೊಳಗಿನ ಸೈತಾನನಿಗೆ" ಎಂದು ಹೇಳಿ ಅವಳ ಕೂದಲು ಹಿಡಿದು ಕಾರ್ಪೆಟ್ಟಿಗೆ ಕೆಡವಿದ. ಹೊರಗೆ ಕೇಳಿಸಬಾರದೆಂದು ಆಲಿವ್ ಗೀತೆ ಎತ್ತಿದಳು, ಎಲ್ಲರೂ ಗಂಟಲು ಹರಿಯುವಂತೆ ಹಾಡಿದೆವು. ತವೆಯ ಮೇಲೆ ಮೆಣಸು ಸುಟ್ಟು ಅವಳ ಮೂಗಿಗೆ ಹಿಡಿದರು. ಅವಳು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಾಗ, "ನೋಡಿ, ಹೊರಡ್ತಾ ಉಂಟು!" ಎಂದು ಆಲಿವ್ ಚಪ್ಪಾಳೆ ತಟ್ಟಿದಳು. ಚಾರ್ಲ್ಸಣ್ಣ ಬೆಲ್ಟು ಬಿಚ್ಚಿದ. ಬಕಲ್ ಇದ್ದ ತುದಿಯಿಂದಲೇ ಹೊಡೆದ. ಅವಳು ಒದ್ದಾಡಿದಳೆಂದು ನನ್ನ ಗಂಡ ಅವಳ ಕಾಲುಗಳ ಮೇಲೆ ಕುಳಿತ. ನನ್ನ ಡೋಲ್ಫಿ, ಒಂದು ಕೋಳಿ ಕೊಯ್ಯಲು ಕೈ ನಡುಗುವವನು! ಮೂಳೆ ಮುರಿದ ಸದ್ದು ಗೀತೆಯ ನಡುವೆಯೂ ಕೇಳಿಸಿತು. ಆದರೂ ಅವನು ಏಳಲಿಲ್ಲ.

"ಯಾರ್ಯಾರಿಗೆ ಮಾಡಿದ್ದಿ? ಹೆಸರು ಹೇಳು, ಬಿಟ್ಟುಬಿಡ್ತೇವೆ" ಎಂದು ಚಾರ್ಲ್ಸಣ್ಣ ಕೇಳಿದ. ಹತ್ತು ಸಲ ಕೇಳಿರಬೇಕು. ಅವಳು ಹೇಳಲಿಲ್ಲ. ಇಷ್ಟೆಲ್ಲ ಆಗುವಾಗ ನಾನು ಶೇನ್‌ನನ್ನು ಎತ್ತಿಕೊಂಡು ಬಾಗಿಲ ಹತ್ತಿರ ಕಣ್ಣು ಮುಚ್ಚಿ ನಿಂತಿದ್ದೆ. ಆಮೇಲಿನದನ್ನು ನಾನು ನೋಡಲಿಲ್ಲ. ಅವಳಿಗೆ ಪ್ರಜ್ಞೆ ತಪ್ಪಿದ ಮೇಲೆ ಎಲ್ಲರಿಗೂ ದಿಗಿಲಾಯಿತು. "ಬಿದ್ದಳು ಅಂತ ಹೇಳುವ, ಖಲಾಸ್. ಯಾರಾದ್ರೂ ಬಾಯಿ ಬಿಟ್ರೆ ಎಲ್ಲರೂ ಜೈಲಿಗೆ" ಎಂದ ಚಾರ್ಲ್ಸಣ್ಣ. ಅವಳು ಸುಧಾರಿಸಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಅವಳ ಕಿವಿಯಲ್ಲೂ ಏನೋ ಹೇಳಿದನಂತೆ, ಪೊಲೀಸರು ಬಂದಾಗ ಅವಳೂ ಬಿದ್ದೆನೆಂದೇ ತಲೆಯಾಡಿಸಿದಳು.

ಹೋದ ಶುಕ್ರವಾರವೂ ಕೂಟ ನಡೆಯಿತು. ಅದೇ ಕಾರ್ಪೆಟ್ಟು, ತೊಳೆಸಿದ್ದಾರೆ. ಮುಂದಿನ ಸರದಿ ಯಾರದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತಿದ್ದೆವು.

ಈ ಕಾಗದವನ್ನು ವಕೀಲರಿಗೆ ಕೊಡು, ಪೊಲೀಸರಿಗೆ ಕೊಡು, ಯಾರಿಗೆ ಬೇಕಾದರೂ ಕೊಡು. ಇದು ಬರೆದದ್ದು ಡೋಲ್ಫಿಗೆ ಗೊತ್ತಿಲ್ಲ. ಗೊತ್ತಾದರೆ ಆಗಲಿ. ಅಕ್ಕನ ದವಡೆಗೆ ತಂತಿ ಕಟ್ಟಿದ್ದಾರೆ, ಇನ್ನೂ ಒಂದು ತಿಂಗಳು ಗಂಜಿಯ ತಿಳಿ ಮಾತ್ರ. ಚೆನ್ನಾಗಿ ನೋಡಿಕೋ. ನಿನ್ನ ಮಕ್ಕಳ ತಲೆಯ ಮೇಲೆ ದೇವರ ಕೈ ಇರಲಿ. ನಮ್ಮಂಥವರ ನೆರಳು ಅವರ ಮೇಲೆ ಬೀಳದಿರಲಿ.

ಇಂತಿ ನಿನ್ನ,
ಪ್ರೀಮಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಶೇನ್ ಅಂದು ನನ್ನ ಕೈಯಲ್ಲಿರಲಿಲ್ಲ, ರಶೀನಾಳ ಮನೆಯಲ್ಲಿದ್ದ. ನಾನು ಕಣ್ಣು ಮುಚ್ಚಿರಲೂ ಇಲ್ಲ. ಚಾರ್ಲ್ಸಣ್ಣ ಹನ್ನೊಂದನೆಯ ಸಲ ಹೆಸರು ಕೇಳಿದಾಗ ಲವಿಟಾಬಾಯಿ ತಲೆ ಎತ್ತಿ ನೇರ ನನ್ನನ್ನೇ ನೋಡಿ ಬಾಯಿ ತೆರೆದಳು. ನನ್ನ ಹೆಸರು ಬಂದೇ ಬಿಟ್ಟಿತೆಂದು ಮೇಜಿನ ಮೇಲಿದ್ದ ಹಿತ್ತಾಳೆಯ ಮೇಣದಬತ್ತಿಯ ಕಂಬ ಎತ್ತಿ ಅವಳ ಬಾಯಿಗೆ ಹೊಡೆದೆ. ಎರಡು ಸಲ. ಆ ದವಡೆ ಮುರಿದದ್ದು ನಾನು. ಕಳೆದ ವಾರ ಆಸ್ಪತ್ರೆಗೆ ಹೋಗಿ ಅವಳ ಕಾಲು ಹಿಡಿದುಕೊಂಡು, "ನನ್ನ ಹೆಸರು ಹೇಳ್ತಿ ಅಂತ ಹೆದರಿದೆ ಲವಿಟಾಬಾಯಿ" ಎಂದು ಅತ್ತೆ. ಅವಳು ಪೆನ್ನು ಕೇಳಿ ಔಷಧಿ ಚೀಟಿಯ ಹಿಂದೆ ಬರೆದಳು: "ನೀನೊಬ್ಬಳಾದ್ರೂ ಕೊಡ್ತಿ ಅಂತ ನಿನ್ನ ಹತ್ರ ನೀರು ಕೇಳ್ಲಿಕ್ಕೆ ಹೋದದ್ದು."