ಹೆಳವರ ಪುಸ್ತಕದಲ್ಲಿ ಬಿಟ್ಟ ಸಾಲು

ಡಿಸೆಂಬರ್ 3, ಮಂಗಳವಾರ. ಬೆಳಿಗ್ಗೆ 7

ಹಾಲು ಬಂತು. ಅವ್ವನ ಬಿಪಿ ಗುಳಿಗೆ ಆಯಿತು. ನಲ್ಲಿ ನೀರು ನಾಳೆಗಂತೆ.

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಜೈನಾಪುರದಿಂದ ಕಾಕಾನ ಮಗ ಶಿವಯೋಗೆಪ್ಪನ ಫೋನ್. ಹೆಳವರು ಬಂದಿದ್ದರಂತೆ. ಐದಾರು ವರ್ಷಕ್ಕೊಮ್ಮೆ ಬರುತ್ತಾರೆ, ಮನೆತನದ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಬಾಗಿಲಲ್ಲಿ ನಿಂತು ಹಿಂದಿನ ತಲೆಮಾರುಗಳನ್ನೆಲ್ಲ ಓದಿ ಹೇಳುತ್ತಾರೆ. ಅಪ್ಪ ತೀರಿಕೊಂಡ ಸುದ್ದಿ ಕೇಳಿ ಅವನ ಹೆಸರಿನ ಕೆಳಗೆ ಬರೆದರಂತೆ: ಗಂಡು ಸಂತಾನ ಇಲ್ಲ, ಮನೆ ಮುಚ್ಚಿತು.

"ನಾ ಏನ್ ಮಾಡ್ಲಿ ಅಕ್ಕಾ, ಅವ್ರ ಪದ್ಧತಿ ಹಂಗ ಐತಿ," ಅಂದ.

ಮುಚ್ಚಿದ ಮನೆಯನ್ನು ಮುಂದೆ ಓದುವುದಿಲ್ಲ. ಅಂದರೆ ಚನಮಲ್ಲಪ್ಪ ಎಂಬ ಅಪ್ಪನ ಹೆಸರು ಇನ್ನು ಯಾರ ಬಾಯಲ್ಲೂ ಇಲ್ಲ. ಮೂವತ್ತಾರು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದವಳು ನಾನು. ಅಪ್ಪನ ಮನೆಗೆ ಗೈರುಹಾಜರಿ ಹಾಕಿದರೆ ಸುಮ್ಮನೆ ಕೂಡುವವಳಲ್ಲ.

ಡಿಸೆಂಬರ್ 5

ತಿಕೋಟಾಕ್ಕೆ ಹೋಗಿ ಬಂದೆ. ಹೆಳವರು ಅಲ್ಲಿ ಬಿಡಾರ ಹೂಡಿದ್ದಾರೆ. ಎತ್ತು ಹೋಗಿ ಟೆಂಪೋ ಬಂದಿದೆ. ನಮ್ಮ ಮನೆತನದ ಹೆಳವ ಮುತ್ತಪ್ಪ, ನನಗಿಂತ ಹತ್ತು ವರ್ಷ ಸಣ್ಣವ, ಚಾಪೆ ಹಾಸಿ ಕೂಡಿಸಿದ.

"ನಿಮ್ಮನ್ನ ಗಂಡನ ಮನಿ ಹೆಳವ ಬರಕೊಂಡಿರ್ತಾನ ನೋಡ್ರಿ ಅಕ್ಕಾರ."

"ನಂದು ಲಗ್ನ ಆಗಿಲ್ಲಪಾ."

"ಹಂಗಾರ ನೀವು ಯಾವ ಪುಸ್ತಕದಾಗೂ ಬರಾಂಗಿಲ್ರಿ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದ. ಅದಕ್ಕೇ ಹೆಚ್ಚು ಚುಚ್ಚಿತು. ಒಂದು ತಾಸು ವಾದ ಮಾಡಿದೆ. ಕಡೆಗೆ ಅವನೇ ದಾರಿ ತೋರಿಸಿದ: "ನಿಮ್ಮ ಮನಿತನದಾಗ ಹಿಂದ ಹೆಣ್ಣಿನಿಂದ ವಂಶ ನಡದದ್ದು ಒಂದರ ತೋರಸ್ರಿ. ಬರೀತೇನಿ. ಫೆಬ್ರವರಿ ಮಟಾ ಇಲ್ಲೇ ಇರ್ತೇವಿ."

ನನ್ನ ಹಿಂದೆ ಯಾರೂ ಇಲ್ಲ, ಗೊತ್ತು. ಆದರೆ ನಾನು ಇರುವತನಕ ಮನೆ ತೆರೆದೇ ಇದೆ. ಅಷ್ಟು ಬರೆದರೆ ಸಾಕು.

ಡಿಸೆಂಬರ್ 18

ಬಬಲೇಶ್ವರದ ತಹಶೀಲ್ದಾರ ಕಚೇರಿಗೆ ಮೂರನೇ ಸಲ. ಇವತ್ತು ನಮ್ಮ ಜೈನಾಪುರದ ಹೊಲದ ಹಳೆಯ ಕಾಗದ ಸಿಕ್ಕಿತು... ನೂರಿಪ್ಪತ್ತು ವರ್ಷದ್ದು. ಮೋಡಿ ಲಿಪಿ, ಆಗಿನ ಮರಾಠಿ ದಫ್ತರದ ಬರವಣಿಗೆ. ಒಂದಕ್ಷರ ತಿಳಿಯಲಿಲ್ಲ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ಬಸ್ಸಿನಲ್ಲಿ ನಿಂತೇ ಬಂದೆ, ಸೊಂಟ ಹಿಡಿದಿದೆ.

ಅವ್ವ: "ಸತ್ತವ್ರನ್ನ ಎಬ್ಬಸೂದ ಬಿಟ್ಟು ಉಣ್ಣಾಕ ಬಾ ಬೇ."

ಜನವರಿ 9

ಮೋಡಿ ಓದುವವರು ಊರಲ್ಲಿ ಯಾರಿದ್ದಾರೆಂದು ಮೂರು ವಾರ ಹುಡುಕಿದೆ. ಇಸಾಕ ಸರ್ ಸಿಕ್ಕರು. ರಿಟೈರ್ಡ್ ಗುಮಾಸ್ತರು, ಎಂಬತ್ತು ದಾಟಿದೆ. ಭೂತಗನ್ನಡಿ ಹಿಡಿದು ಅರ್ಧ ತಾಸು ಓದಿದರು. ಆಮೇಲೆ ಬೆರಳಿಟ್ಟರು.

"ಇಲ್ನೋಡ್ರಿ. ಹೊಲ ಗುರಪಾದಪ್ಪಂದು. ಅವ ತೀರಿದ ಮ್ಯಾಲ ಮಗಳು ಮುದುಕವ್ವನ ಹೆಸರಿಗೆ ಆಗೇತಿ. ಅಕೀ ಮಗ ರೇವಪ್ಪ, ಇನ್ನೂ ಸಣ್ಣಾಂವ."

ಮತ್ತೊಮ್ಮೆ ಓದಿಸಿದೆ. ರೇವಪ್ಪ ಅಂದರೆ ಅಪ್ಪನ ಅಜ್ಜ. ಹೆಳವರು ಇಷ್ಟು ವರ್ಷ ಓದುತ್ತ ಬಂದದ್ದು "ಗುರಪಾದಪ್ಪನ ಮಗ ರೇವಪ್ಪ" ಎಂದು. ಮಗನಲ್ಲ, ಮಗಳ ಮಗ. ನಡುವೆ ಒಬ್ಬ ಹೆಂಗಸನ್ನೇ ನುಂಗಿಬಿಟ್ಟಿದ್ದಾರೆ. ಇಡೀ ಮನೆತನವೇ ಅವಳಿಂದ ಬಂದದ್ದು. ಬೀದಿಯಲ್ಲಿ ಒಬ್ಬಳೇ ನಗುತ್ತ ಬಂದೆ. ಬಹಳ ಖುಷಿಯಾಯಿತು.

ಜನವರಿ 10

ಶಿವಯೋಗೆಪ್ಪನಿಗೆ ಫೋನ್ ಮಾಡಿ ಹೇಳಿದೆ.

"ಅಂದ್ರ ನಾವೂ ಹೆಣ್ಣಿನ ಕಡಿಯವರೇನ ಅಕ್ಕಾ?"

"ಹೂಂ, ನೀನೂ ಅದ ಕಡಿಯಾಂವ, ನಿನ್ನ ಮೀಸಿನೂ ಅದ ಕಡೀದು."

"ಊರಾಗ ಹೇಳಬ್ಯಾಡ."

ಊರಿಗೇ ಹೇಳುವವಳಿದ್ದೇನೆ.

ಫೆಬ್ರವರಿ 2, ರವಿವಾರ. ಮಧ್ಯಾಹ್ನ

ಮುತ್ತಪ್ಪ ಬಂದಿದ್ದ. ಅವನ ಅಜ್ಜ ಬರೆದ ಹಳೆಯ ಪುಸ್ತಕ ತರಲು ಹೇಳಿದ್ದೆ, ಹಳದಿ ಬಟ್ಟೆಯಲ್ಲಿ ಕಟ್ಟಿಕೊಂಡು ತಂದಿದ್ದ. ಇಸಾಕ ಸರ್ ಬರೆದುಕೊಟ್ಟದ್ದನ್ನು ಎದುರಿಗಿಟ್ಟೆ. ಓದಿದ. ಪುಸ್ತಕ ಬಿಚ್ಚಿದ. ಗುರಪಾದಪ್ಪನ ಹೆಸರಿಗೂ ರೇವಪ್ಪನ ಹೆಸರಿಗೂ ನಡುವೆ ಒಂದು ಸಾಲು ಖಾಲಿ.

"ನಮ್ಮಜ್ಜಗ ಗೊತ್ತಿತ್ರಿ," ಅಂದ. "ಹೆಣ್ಣಿನ ಹೆಸರು ಬರಿಯಾಕ ಕೈ ಬಂದಿಲ್ಲ. ಸುಳ್ಳು ಬರಿಯಾಕೂ ಬಂದಿಲ್ಲ. ಜಾಗಾ ಬಿಟ್ಟಾನ."

ಆ ಜಾಗದಲ್ಲಿ ಮುದುಕವ್ವ ಎಂದು ಬರೆದ. ಹೊಸ ಪುಸ್ತಕದಲ್ಲಿ "ಮನೆ ಮುಚ್ಚಿತು" ಎಂಬುದನ್ನು ಹೊಡೆದುಹಾಕಿ ಅಪ್ಪನ ಕೆಳಗೆ "ಮಗಳು ವಿಜಯಲಕ್ಷ್ಮೀ" ಎಂದು ಬರೆದ. ಗೆದ್ದೆ. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಅಪ್ಪನ ಹೆಸರಿನ ಬದಿಗೆ ಹಿಂದೆಯೇ ಬರೆದದ್ದಿತ್ತು: ಹೆಂಡತಿ ಭೂತನಾಳದಾಕೆ. ಅಷ್ಟೇ. ತವರೂರಿದೆ, ಹೆಸರಿಲ್ಲ.

"ಇದನ್ನೂ ತಿದ್ದಪಾ. ನೀಲಾಬಾಯಿ ಅಂತ ಬರಿ," ಅಂದೆ.

ಅವ್ವ ಬಾಗಿಲ ಬಳಿ ಅವರೆ ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಅಂದಳು:

"ನೀಲಾಬಾಯಿ ಲಗ್ನದಾಗ ಇವ್ರ ಮನ್ಯಾಗ ಇಟ್ಟ ಹೆಸರ್ರಿ. ನನ್ನ ಹೆಸರು ಕಸ್ತೂರಿ. ಬರಿಯೂದಿದ್ರ ಅದನ್ನ ಬರೀರಿ."

ಮುತ್ತಪ್ಪ ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ. ಸೊಸೆಗೆ ಹೆಸರು ಬದಲಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ನನಗೆ ಗೊತ್ತಿದ್ದದ್ದೇ.

"ಯಾರ ಕರೀತಿದ್ರು ಬೇ ಹಂಗ?"

"ನನ್ನವ್ವ. ನಮ್ಮಣ್ಣ. ಅಣ್ಣ ಹ್ವಾದ ಮ್ಯಾಲ..."

ಅಲ್ಲಿಗೇ ನಿಲ್ಲಿಸಿ ಮತ್ತೆ ಅವರೆ ಬಿಡಿಸತೊಡಗಿದಳು.

ಸಂಜೆ 5

ಕಸ್ತೂರಿ ಎಂದು ಬರೆದು ಮುತ್ತಪ್ಪ ಹೋದ. ಜೋಳ, ಒಂದು ಧೋತರ ಕೊಟ್ಟು ಕಳಿಸಿದೆ.

ಎರಡು ತಿಂಗಳು ತಿರುಗಿದೆ. ನೂರಿಪ್ಪತ್ತು ವರ್ಷದ ಹಿಂದಿನ ಹೆಂಗಸಿನ ಹೆಸರು ಹುಡುಕಿ ತೆಗೆದೆ. ಅವ್ವನ ಜೊತೆ ಅರವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದೇನೆ, ಅವಳ ತವರಿನ ಹೆಸರು ಒಮ್ಮೆಯೂ ಕೇಳಲಿಲ್ಲ. ನಾಚಿಕೆಯಾಗುತ್ತಿದೆ.

ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಎಚ್ಚರವಿದೆ, ಮಗ್ಗಲು ಬದಲಿಸುವ ಸದ್ದು ಕೇಳುತ್ತಿದೆ. ಒಮ್ಮೆ ಆ ಹೆಸರಿನಿಂದ ಕರೆಯಬೇಕು ಅಂತ ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಬಾಯಿಗೆ ಬರುತ್ತಿಲ್ಲ. ಇನ್ನೊಮ್ಮೆ ಹೋಗುತ್ತೇನೆ. ಈಗಲೇ. ಪೆನ್ನು ಇಟ್ಟು